ಮೂವರು ಸೇರಿ ಪದ್ಯೆಲ್ಲ ಹಾಡಲು ಕಲಿಯುವ ಬಗೆ

ಮೆಡಿಟರೇನಿಯನ್ ಸಮುದ್ರದಲ್ಲಿರುವ, ಫ್ರಾನ್ಸಿಗೆ ಸೇರಿದ ಕಾರ್ಸಿಕಾ ದ್ವೀಪದ ಪದ್ಯೆಲ್ಲ ಎಂಬ ಹಾಡಿಗೆ ಬೇಕಾಗುವುದು ಮೂರು ಕಂಠಗಳು ಮತ್ತು ಸದ್ದಿಲ್ಲದ ಒಂದು ಕೋಣೆ. ಇದಕ್ಕೆ ವಾದ್ಯವಿಲ್ಲ, ಲೆಕ್ಕ ಹಾಕುವ ತಾಳವಿಲ್ಲ, ಬರೆದಿಟ್ಟ ಸ್ವರಲಿಪಿಯಿಲ್ಲ, ಎದುರಿಗೆ ನಿಂತು ಕೈ ಆಡಿಸುವ ನಿರ್ದೇಶಕನೂ ಇಲ್ಲ. ಇಷ್ಟು ಸರಳವಾಗಿ ಕಾಣುವುದರಿಂದಲೇ ಹೊಸಬರು ಮೊದಲ ವಾರದಲ್ಲಿ ಎಡವುತ್ತಾರೆ: ಮೂವರೂ ತಮ್ಮ ತಮ್ಮ ಪಾಲಿನ ಧಾಟಿಯನ್ನು ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದು, ಸೇರಿದ ಕೂಡಲೇ ಒಟ್ಟಿಗೆ ಹಾಡಲು ನೋಡುತ್ತಾರೆ. ಪದ್ಯೆಲ್ಲದಲ್ಲಿ ಒಬ್ಬನ ಸ್ವರ ಎಲ್ಲಿ ನಿಲ್ಲಬೇಕೆಂಬುದು ಉಳಿದಿಬ್ಬರ ಸ್ವರ ಕೇಳಿದ ಮೇಲೆಯೇ ತೀರ್ಮಾನವಾಗುವುದರಿಂದ, ಮನೆಪಾಠ ಇಲ್ಲಿ ಉಪಯೋಗಕ್ಕಿಂತ ತೊಂದರೆಯನ್ನೇ ಹೆಚ್ಚು ಮಾಡುತ್ತದೆ. ಈ ಬರಹದಲ್ಲಿ ಹೇಳುವ ಕ್ರಮವೆಲ್ಲ ಆ ಒಂದು ಸಂಗತಿಯನ್ನು ಹಿಡಿದು ಕಟ್ಟಿದ್ದು.

ಹೆಸರಿನ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಸಿಕನ್ ಭಾಷೆಯ ಉಚ್ಚಾರಣೆಯಲ್ಲಿ ಈ ಪದ ನಮ್ಮ ಕಿವಿಗೆ ‘ಪದ್ಯೆಲ್ಲ’ ಎಂದೇ ಬೀಳುತ್ತದೆ. ಆದರೆ ನಮ್ಮ ‘ಪದ್ಯ’ಕ್ಕೂ ಅದಕ್ಕೂ ನಂಟಿಲ್ಲ. ಜೋಡಿ ಎಂಬ ಅರ್ಥದ ಕಾರ್ಸಿಕನ್ ಪದದಿಂದ ಅದು ಬಂದಿದೆ ಎನ್ನುತ್ತಾರೆ, ಸಾಹಿತ್ಯವೂ ಎಂಟೆಂಟು ಅಕ್ಷರಗಳ ಸಾಲುಗಳಾಗಿ ಜೋಡಿ ಜೋಡಿಯಾಗಿ ಸಾಗುತ್ತದೆ. ಸಾಮಾನ್ಯವಾಗಿ ಒಂದು ನುಡಿಗೆ ಅಂಥ ಆರು ಸಾಲುಗಳು. ಇದೇ ಬಗೆಯ ಮೂರು ಕಂಠಗಳ ಹಾಡಿಕೆ ಚರ್ಚಿನ ಪೂಜೆಯಲ್ಲೂ ಸಾವಿನ ವಿಧಿಯಲ್ಲೂ ಲ್ಯಾಟಿನ್ ಮಂತ್ರಗಳಿಗೆ ಬಳಕೆಯಾಗುತ್ತದೆ. ಲೌಕಿಕ, ಧಾರ್ಮಿಕ ಎರಡನ್ನೂ ಸೇರಿಸಿ ಯುನೆಸ್ಕೊ 2009ರಲ್ಲಿ ಈ ಪರಂಪರೆಯನ್ನು ತುರ್ತಾಗಿ ಕಾಪಾಡಬೇಕಾದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಹಾಡುವ ಮೊದಲು ಕೆಲವು ವಾರ ಕೇಳಬೇಕು, ಮತ್ತು ಕೇಳುವುದಕ್ಕೂ ಒಂದು ಕ್ರಮವಿದೆ. ಇಂದು ಅಂತರ್ಜಾಲದಲ್ಲಿ ಹುಡುಕಿದರೆ ಮೊದಲು ಸಿಗುವುದು ದೊಡ್ಡ ತಂಡಗಳ ಸ್ಟುಡಿಯೊ ಧ್ವನಿಮುದ್ರಣಗಳು. ಅವು ಚೆನ್ನಾಗಿವೆ, ಆದರೆ ಅಲ್ಲಿಂದ ಆರಂಭಿಸಿದವರು ಮುಂದೆ ಯಾವಾಗಲೂ ಆ ತಂಡದ ಹಾಗೆಯೇ ಹಾಡುತ್ತಾರೆ. ಹಳ್ಳಿಯ ಧ್ವನಿಮುದ್ರಣಗಳನ್ನು ಮೊದಲು ಕೇಳಿ. ಸಂಗೀತಗಾರ ಮತ್ತು ಸಂಶೋಧಕ ಫೆಲಿಕ್ಸ್ ಕ್ವಿಲಿಚಿ 1948ರಿಂದ ಆರಂಭಿಸಿ ದ್ವೀಪದ ಒಳನಾಡಿನಲ್ಲಿ ಕುರುಬರು, ರೈತರು, ಚರ್ಚಿನ ಹಾಡುಗಾರರು ಹಾಡಿದ್ದನ್ನು ಹಲವು ಸುತ್ತುಗಳಲ್ಲಿ ಮುದ್ರಿಸಿಕೊಂಡರು. ಅವರು ಹೋದ ಕಾಲ ಎಂಥದೆಂದರೆ, ಮೊದಲ ಮಹಾಯುದ್ಧದಲ್ಲಿ ಸತ್ತವರು ಸತ್ತು, ಉಳಿದವರಲ್ಲಿ ಅನೇಕರು ಕೆಲಸ ಹುಡುಕಿಕೊಂಡು ಫ್ರಾನ್ಸಿನ ಮುಖ್ಯಭೂಮಿಗೂ ವಸಾಹತುಗಳಿಗೂ ಹೋಗಿ, ಬೆಟ್ಟದ ಊರುಗಳು ಬರಿದಾಗುತ್ತಿದ್ದವು. ಮುಂದೆ 1960ರ ದಶಕದಲ್ಲಿ ಕ್ಯಾಥೊಲಿಕ್ ಪೂಜೆಯಿಂದ ಲ್ಯಾಟಿನ್ ಹಿಂದೆ ಸರಿದಾಗ ಚರ್ಚಿನೊಳಗಿನ ಹಾಡಿಕೆಗೂ ಪೆಟ್ಟು ಬಿತ್ತು. ಮೂರು ಕಂಠಗಳ ಹಾಡಿಗೆ ಒಬ್ಬ ಇಲ್ಲವಾದರೆ ಮೂರನೆಯ ಒಂದು ಪಾಲು ಹೋಗುವುದಿಲ್ಲ, ಹಾಡೇ ಹೋಗುತ್ತದೆ. ಜನ ಖಾಲಿಯಾದ ಊರಿನಲ್ಲಿ ಒಂಟಿ ಹಾಡು ಉಳಿದರೂ ಪದ್ಯೆಲ್ಲ ಉಳಿಯದಿರುವುದಕ್ಕೆ ಕಾರಣ ಇದೇ.

ಹಳ್ಳಿಯ ಮುದ್ರಣಗಳನ್ನು ಕೇಳುವಾಗ ಒಂದು ಪದವನ್ನು ತಲೆಯಲ್ಲಿ ಇಟ್ಟುಕೊಳ್ಳಿ: ವೆರ್ಸು. ಒಂದು ಊರಿನವರು ಅಥವಾ ಒಂದು ಕಣಿವೆಯವರು ತಮ್ಮದೆಂದು ಹಾಡುವ ಧಾಟಿಗೆ ಈ ಹೆಸರು. ಸೆರ್ಮಾನುವಿನ ವೆರ್ಸು ಬೇರೆ, ರುಸಿಯುವಿನದು ಬೇರೆ, ತಾಲ್ಯುವಿನದು ಬೇರೆ. ಸಾಹಿತ್ಯ ಒಂದೇ ಆದರೂ ಆಗಬಹುದು. ನಮ್ಮಲ್ಲಿ ಒಂದೇ ಸೋಬಾನೆ ಪದವನ್ನು ಪಕ್ಕದೂರಿನವರು ಬೇರೆ ಮಟ್ಟಿನಲ್ಲಿ ಹೇಳಿಕೊಡುವುದನ್ನು ಕಂಡವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಕಲಿಯುವವರು ಒಂದು ವೆರ್ಸುವನ್ನು ಆರಿಸಿಕೊಂಡು ಅದನ್ನೇ ಹಿಡಿದು ಕೂರಬೇಕು. ಮೂರು ಊರುಗಳ ಧಾಟಿಯನ್ನು ಬೆರೆಸಿದರೆ ಕೇಳುವವರಿಗೆ ಗೊತ್ತಾಗದಿರಬಹುದು, ಹಾಡುವ ಮೂವರಿಗೆ ಮಾತ್ರ ಮುಂದಿನ ತಿರುವು ಎಲ್ಲಿದೆ ಎಂಬುದೇ ತಿಳಿಯದೆ ಹೋಗುತ್ತದೆ.

ಇನ್ನು ಕಂಠಗಳ ಹಂಚಿಕೆ. ಮೊದಲು ಬಾಯಿ ತೆರೆಯುವವನು ಸೆಕೊಂದ. ಹೆಸರಿನ ಅರ್ಥ ಎರಡನೆಯದು ಎಂದಿದ್ದರೂ ಆರಂಭ ಅವನದೇ, ಮುಖ್ಯ ಧಾಟಿ ಅವನದೇ, ಶ್ರುತಿಯನ್ನು ನಿರ್ಧರಿಸುವುದೂ ಅವನೇ. ಅವನ ಬೆನ್ನಿಗೆ ಕೆಳಗಿನಿಂದ ಸೇರುವವನು ಬಾಸ್ಸು. ವಾಸ್ತವವಾಗಿ ಆ ಪದದ ಉಚ್ಚಾರಣೆ ನಮ್ಮ ‘ಬಸ್ಸು’ ಎಂಬುದಕ್ಕೆ ತೀರ ಹತ್ತಿರ, ಕಾರ್ಸಿಕನ್ನರೂ ನಮ್ಮ ಹಾಗೆಯೇ ಪದಗಳ ಕೊನೆಗೆ ಉಕಾರ ಹಚ್ಚುವವರು. ಓದುವಾಗ ನಗು ಬರಬಾರದೆಂದು ದೀರ್ಘವಾಗಿ ಬರೆಯುತ್ತಿದ್ದೇನೆ. ಎಲ್ಲಕ್ಕಿಂತ ಕೊನೆಗೆ, ಎಲ್ಲಕ್ಕಿಂತ ಮೇಲಿನಿಂದ, ಅಲಂಕಾರಗಳೊಂದಿಗೆ ಬರುವವನು ತೇರ್ಸ. ಈ ಪ್ರವೇಶದ ಕ್ರಮ ಬದಲಾಗುವುದಿಲ್ಲ.

ಯಾರಿಗೆ ಯಾವ ಕಂಠ ಎಂಬುದನ್ನು ಗಂಟಲಿನ ಎತ್ತರ ನೋಡಿ ಮಾತ್ರ ಹಂಚಬೇಡಿ, ಸ್ವಭಾವವನ್ನೂ ನೋಡಿ. ಸೆಕೊಂದನಿಗೆ ಒಂಟಿಯಾಗಿ ಆರಂಭಿಸುವ ಧೈರ್ಯ ಬೇಕು. ಮೌನದಿಂದ ಎದ್ದ ಅವನ ಮೊದಲ ಸ್ವರ ಅಲುಗಾಡಿದರೆ ಉಳಿದಿಬ್ಬರಿಗೆ ನಿಲ್ಲಲು ನೆಲವೇ ಇರುವುದಿಲ್ಲ. ಬಾಸ್ಸುವಿಗೆ ತಾಳ್ಮೆ ಬೇಕು. ನಮ್ಮ ಸಂಗೀತದ ಹಿನ್ನೆಲೆಯಿಂದ ಬಂದವರು ಇಲ್ಲಿ ಮಾಡುವ ತಪ್ಪೆಂದರೆ ಬಾಸ್ಸುವನ್ನು ತಂಬೂರಿಯೆಂದು ಭಾವಿಸಿ ಷಡ್ಜದಲ್ಲಿ ಕೂತುಬಿಡುವುದು. ಬಾಸ್ಸು ಕಡಿಮೆ ಚಲಿಸುತ್ತದೆ ನಿಜ, ಆದರೆ ಚಲಿಸುತ್ತದೆ. ಅದು ಒಂದು ಸ್ವರ ಕೆಳಗಿಳಿದಾಗ ಮೇಲಿನ ಇಬ್ಬರು ಹಿಡಿದ ಸ್ವರ ಬದಲಾಗದಿದ್ದರೂ ಅದರ ಅರ್ಥ ಬದಲಾಗುತ್ತದೆ. ತೇರ್ಸನಾಗುವವನು ಚುರುಕು ಕಂಠದವನೂ ಸಂಕೋಚದವನೂ ಆಗಿರಬೇಕು, ಈ ಎರಡು ಗುಣಗಳು ಒಬ್ಬನಲ್ಲಿ ಸಿಗುವುದು ಅಪರೂಪವಾದ್ದರಿಂದಲೇ ಒಳ್ಳೆಯ ತೇರ್ಸ ಸಿಗುವುದು ಕಷ್ಟ. ಆಲಾಪನೆ ಮಾಡಿ ರೂಢಿಯಿದ್ದವರನ್ನು ಈ ಜಾಗದಲ್ಲಿ ನಿಲ್ಲಿಸಿದರೆ ಅವರು ಮೊದಲ ಅವಕಾಶದಲ್ಲೇ ಹಾಡನ್ನು ತಮ್ಮ ಕಡೆಗೆ ಎಳೆದುಕೊಂಡು ಹೋಗುತ್ತಾರೆ. ಎರಡನೆಯ ದಿನ ಅವರನ್ನು ಬಾಸ್ಸುವಿಗೆ ಹಾಕಿ ನೋಡಿ, ಬಹಳ ಒಳ್ಳೆಯ ಔಷಧ.

ನಿಲ್ಲುವ ರೀತಿಗೆ ಬರೋಣ. ವೇದಿಕೆಯ ಮೇಲೆ ಪ್ರೇಕ್ಷಕರ ಕಡೆ ಮುಖ ಮಾಡಿ ಸಾಲಾಗಿ ನಿಲ್ಲುವುದು ಇಲ್ಲಿ ಕೆಲಸಕ್ಕೆ ಬಾರದು. ಮೂವರೂ ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ, ಕುದುರೆಲಾಳದ ಆಕಾರದಲ್ಲಿ ನಿಲ್ಲಬೇಕು. ಪಕ್ಕದವನ ಹೆಗಲ ಮೇಲೆ ಕೈಯಿಡುವುದು ಫೋಟೊದಲ್ಲಿ ಚೆನ್ನಾಗಿ ಕಾಣಲೆಂದು ಅಲ್ಲ. ಅವನು ಉಸಿರು ತೆಗೆದುಕೊಳ್ಳುವುದು ಕಿವಿಗೆ ತಿಳಿಯುವ ಮೊದಲೇ ಅಂಗೈಗೆ ತಿಳಿಯುತ್ತದೆ, ತಾಳವಿಲ್ಲದ ಹಾಡಿನಲ್ಲಿ ಕಾಲದ ಸೂಚನೆ ಸಿಗುವುದು ಅಲ್ಲಿಂದಲೇ. ಇನ್ನೊಂದು ಕೈಯನ್ನು ಬಟ್ಟಲಿನಂತೆ ಮಡಚಿ ಕಿವಿಗೆ ಹಿಡಿಯುವ ಅಭ್ಯಾಸವೂ ಹೀಗೆಯೇ ಹುಟ್ಟಿದ್ದು: ಹತ್ತಿರದಲ್ಲಿ ಇಬ್ಬರು ಗಟ್ಟಿಯಾಗಿ ಹಾಡುತ್ತಿರುವಾಗ ತನ್ನ ದನಿ ತನಗೆ ಕೇಳಿಸಬೇಕಲ್ಲ. ಎದೆಯಿಂದ ತೆರೆದ ದನಿಯಲ್ಲಿ ಹಾಡಿ. ಮೆಲುದನಿಯಲ್ಲಿ ಅಭ್ಯಾಸ ಮಾಡಿದರೆ ಪಕ್ಕದ ಮನೆಯವರಿಗೆ ಅನುಕೂಲವಾದೀತೇ ಹೊರತು ಸ್ವರಗಳು ಒಂದನ್ನೊಂದು ಹಿಡಿಯುವುದಿಲ್ಲ. ಕೋಣೆಯ ಆಯ್ಕೆಗೂ ಗಮನ ಕೊಡಿ: ಕಲ್ಲಿನ ಗೋಡೆಯ, ಎತ್ತರದ ಮಾಡಿನ ಜಾಗ ಒಳ್ಳೆಯದು, ಸೋಫಾ ಮತ್ತು ಪರದೆ ತುಂಬಿದ ಹಾಲ್ ಕೆಟ್ಟದ್ದು, ಬಹುಮಹಡಿ ಕಟ್ಟಡದ ಮೆಟ್ಟಿಲಸಾಲು ನಿರೀಕ್ಷೆ ಮೀರಿ ಚೆನ್ನಾಗಿರುತ್ತದೆ.

ಮೊದಲ ಅಭ್ಯಾಸ ಇದು. ಇದು ಯಾವ ಊರಿನ ವೆರ್ಸುವೂ ಅಲ್ಲ, ಕಿವಿ ಪಳಗಿಸುವ ಪಾಠ ಮಾತ್ರ. ಬಾಸ್ಸು ತನಗೆ ಸುಖವಾದ ತಗ್ಗಿನ ಷಡ್ಜವನ್ನು ‘ಅ’ಕಾರದಲ್ಲಿ ಹಿಡಿಯಲಿ. ಸೆಕೊಂದ ಅದರ ಮೇಲಿನ ಪಂಚಮವನ್ನು ಹಿಡಿಯಲಿ. ನಮ್ಮ ಕಿವಿಗೆ ಷಡ್ಜ ಪಂಚಮಗಳ ಶುದ್ಧತೆ ಹೊಸತಲ್ಲವಾದ್ದರಿಂದ ಇಷ್ಟು ಹೊತ್ತಿಗೆ ಎರಡು ದನಿಗಳು ಒಂದಾಗಿ ನಿಂತಿರುತ್ತವೆ. ಈಗ ತೇರ್ಸ ಹಾಡಬಾರದು. ಒಂದೆರಡು ನಿಮಿಷ ಸುಮ್ಮನೆ ಕೇಳಬೇಕು. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಪಕ್ಕ ಕೂತವರಿಗೆ, ಯಾರೂ ಮೀಟದ ಗಾಂಧಾರವೊಂದು ತಂತಿಗಳ ನಡುವಿನಿಂದ ತಾನಾಗಿ ಕೇಳಿಬರುವ ಅನುಭವ ಇದ್ದೇ ಇರುತ್ತದೆ. ಅದು ಷಡ್ಜದ ಐದನೆಯ ಉಪಸ್ವರ. ಇಬ್ಬರ ಗಂಟಲಿನಿಂದಲೂ ಅದೇ ಗಾಂಧಾರ ಹೊರಡುತ್ತದೆ. ತೇರ್ಸ ಅದನ್ನು ಕೇಳಿಸಿಕೊಂಡು, ಅದಕ್ಕಿಂತ ಒಂದು ಸ್ಥಾಯಿ ಕೆಳಗೆ, ಅಂದರೆ ಬಾಸ್ಸುವಿನ ಗಾಂಧಾರಕ್ಕಿಂತ ಒಂದು ಸ್ಥಾಯಿ ಮೇಲೆ, ತನ್ನ ದನಿಯನ್ನು ಮೆಲ್ಲನೆ ಇಡಬೇಕು.

ಹಾರ್ಮೋನಿಯಂ ಅಥವಾ ಕೀಬೋರ್ಡಿನಿಂದ ಸ್ವರ ಹಿಡಿದು ರೂಢಿಯಾದವರು ಇಲ್ಲಿ ಸ್ವಲ್ಪ ಮೇಲೆ ಬೀಳುತ್ತಾರೆ. ಒಂದು ಅರ್ಧಸ್ವರವನ್ನು ನೂರು ಪಾಲು ಮಾಡಿದರೆ ಕೀಬೋರ್ಡಿನ ಗಾಂಧಾರ ಸಹಜ ಗಾಂಧಾರಕ್ಕಿಂತ ಸುಮಾರು 14 ಪಾಲು ಹೆಚ್ಚಾಗಿ ಕೂತಿದೆ, ಆದ್ದರಿಂದ ಅದನ್ನು ಹಾಡಿದಾಗ ಮೂರು ದನಿಗಳ ನಡುವೆ ಒಂದು ಬಗೆಯ ಕಂಪನ ಎದ್ದು ಕಿವಿಗೆ ಚುಚ್ಚುತ್ತದೆ. ತೇರ್ಸ ಕೂದಲೆಳೆಯಷ್ಟು ಕೆಳಗೆ ಸರಿದನೆಂದರೆ ಕಂಪನ ನಿಲ್ಲುತ್ತದೆ, ಕೋಣೆ ತುಂಬಿದಂತಾಗುತ್ತದೆ, ಮೂವರ ಮೇಲೆ ನಾಲ್ಕನೆಯ ಒಂದು ದನಿ ತೇಲುತ್ತಿರುವ ಭ್ರಮೆ ಬರುತ್ತದೆ. ನಾವು ಮೂವರು ಮೊದಲ ಸಲ ಅಲ್ಲಿ ತಲುಪಿದಾಗ ಬಾಸ್ಸು ಹಾಡುತ್ತಿದ್ದ ಗೆಳೆಯ ಹಾಡು ನಿಲ್ಲಿಸಿ ಬಾಗಿಲ ಕಡೆ ನೋಡಿದ್ದ, ಯಾರೋ ಬಂದರೆಂದು. ಆ ಕ್ಷಣ ಸಿಗುವವರೆಗೆ ಮುಂದಿನ ಪಾಠಕ್ಕೆ ಹೋಗಬೇಡಿ. ನಮಗೆ ಒಂಬತ್ತು ಸಂಜೆ ಹಿಡಿಯಿತು.

ಹಳ್ಳಿಯ ಹಾಡುಗಾರರ ಗಾಂಧಾರ ಎಲ್ಲ ಕಡೆ ಹೀಗೆ ಸ್ಥಿರವಾಗಿ ನಿಲ್ಲುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಸಾಲಿನ ನಡುವೆ ಅದು ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ಮಧ್ಯೆ ಎಲ್ಲೋ ಓಲಾಡುತ್ತದೆ, ಪಾಶ್ಚಾತ್ಯ ಲಿಪಿಯಲ್ಲಿ ಬರೆಯಹೊರಟವರು ಪೆನ್ಸಿಲ್ ಕಚ್ಚುವಂತೆ ಮಾಡುತ್ತದೆ. ಸಾಲು ಮುಗಿಯುವಲ್ಲಿ ಮಾತ್ರ ಮೇಲಿನ ಗಾಂಧಾರಕ್ಕೆ ಬಂದು ಬೆಳಕು ಹಚ್ಚಿದಂತೆ ನಿಲ್ಲುತ್ತದೆ. ಆ ಓಲಾಟವನ್ನು ಲೆಕ್ಕಹಾಕಿ ಕಲಿಯಲಾಗದು. ಮುದ್ರಣವನ್ನು ಕೇಳುತ್ತಾ, ಜೊತೆಗೆ ಹಾಡುತ್ತಾ ಅದು ಬರಬೇಕು.

ಎರಡನೆಯ ಅಭ್ಯಾಸಕ್ಕೆ ‘ಕೀರಿಯೆ ಎಲೇಯಿಸೋನ್’ ಎಂಬ ಗ್ರೀಕ್ ಪ್ರಾರ್ಥನೆಯ ಪದಗಳನ್ನು ತೆಗೆದುಕೊಳ್ಳಿ. ಕಾರ್ಸಿಕಾದ ಪೂಜಾ ಹಾಡುಗಳಲ್ಲಿ ಇದು ಬಂದೇ ಬರುತ್ತದೆ, ಸ್ವರಾಕ್ಷರಗಳು ತೆರೆದಿರುವುದರಿಂದ ನಮ್ಮ ಬಾಯಿಗೂ ಸಲೀಸು. ಸೆಕೊಂದ ‘ಕೀರಿ’ ಎಂಬಷ್ಟನ್ನು ಒಬ್ಬನೇ ಹಾಡಲಿ. ‘ಯೆ’ ಎಂಬಲ್ಲಿ ಬಾಸ್ಸು ಸೇರಲಿ. ಆ ‘ಯೆ’ ನಿಂತಿರುವಾಗಲೇ ತೇರ್ಸ ಮೇಲಿನಿಂದ ಇಳಿದು ಬರಲಿ. ಇಲ್ಲಿಂದ ಮುಂದೆ ಒಂದೇ ನಿಯಮ: ಮೂವರು ಒಟ್ಟಿಗೆ ಉಸಿರು ತೆಗೆದುಕೊಳ್ಳುವಂತಿಲ್ಲ. ಒಬ್ಬನ ಸ್ವರದ ತುದಿಯ ಮೇಲೆ ಇನ್ನೊಬ್ಬನ ಸ್ವರದ ಬುಡ ಹೆಂಚು ಹೊದಿಸಿದಂತೆ ಕೂತಿರಬೇಕು, ನಡುವೆ ನೀರು ಸೋರಬಾರದು. ಸಾಲಿನ ಕೊನೆಯಲ್ಲಿ ಮಾತ್ರ ಮೂವರೂ ಒಂದೇ ಬಾರಿಗೆ ನಿಲ್ಲಬೇಕು, ಮತ್ತು ನಿಂತ ಸದ್ದು ಗೋಡೆಯಿಂದ ತಿರುಗಿ ಬಂದು ಮುಗಿಯುವವರೆಗೆ ಮುಂದಿನ ಸಾಲನ್ನು ಎತ್ತಬಾರದು.

ರಿವುಕ್ಕಾತ ಎಂದು ಕರೆಯುವ ಅಲಂಕಾರವನ್ನು ಕೊನೆಗೆ ಕಲಿಯಿರಿ. ಅದು ಮುಖ್ಯ ಸ್ವರದ ಸುತ್ತ ಗಂಟಲಿನಲ್ಲಿ ಚಕ್ಕನೆ ಸುತ್ತಿ ಇಳಿಯುವ ಸಣ್ಣ ತಿರುವು. ತೇರ್ಸನಲ್ಲಿ ಹೆಚ್ಚು, ಸೆಕೊಂದನಲ್ಲೂ ಉಂಟು. ಗಮಕ ಬಲ್ಲವರಿಗೆ ಇದು ಬೇಗ ಬರುತ್ತದೆ, ಬಂದ ಮೇಲೆ ಅತಿಯಾಗುತ್ತದೆ. ನಮ್ಮ ಗಮಕ ಸ್ವರವನ್ನೇ ತೂಗುತ್ತದೆ. ರಿವುಕ್ಕಾತವಾದರೋ ಸ್ವರಕ್ಕೆ ಹೋಗುವ ದಾರಿಯಲ್ಲಿ ಮುಗಿದು, ತಲುಪಿದ ಸ್ವರವನ್ನು ಅಲುಗದೆ ಬಿಡುತ್ತದೆ. ಸ್ವರ ಅಲುಗಿದರೆ ಮೇಲೆ ಹೇಳಿದ ನಾಲ್ಕನೆಯ ದನಿ ಆ ಕ್ಷಣವೇ ಮಾಯ.

ಮಹಿಳೆಯರು ಇದನ್ನು ಹಾಡಬಹುದೇ ಎಂಬ ಪ್ರಶ್ನೆ ಬರುತ್ತದೆ. ಪರಂಪರೆಯಲ್ಲಿ ಪದ್ಯೆಲ್ಲ ಗಂಡಸರದು; ಹೆಣ್ಣುಮಕ್ಕಳದು ತೊಟ್ಟಿಲ ಹಾಡಾದ ನಾನ್ನ ಮತ್ತು ಹೆಣದ ಮುಂದೆ, ಅದರಲ್ಲೂ ಕೊಲೆಯಾದವರ ಹೆಣದ ಮುಂದೆ ಹಾಡುತ್ತಿದ್ದ ವೊಚೆರು. 1970ರ ದಶಕದಿಂದ ಈ ಹಾಡಿಕೆ ಮತ್ತೆ ಚಿಗುರಿದ ಪುನರುಜ್ಜೀವನದ ಕಾಲದಲ್ಲಿ ಈ ಗೆರೆ ಅಳಿಸಿತು. ದೊನ್ನಿಸುಲಾನ ಎಂಬ ಮಹಿಳೆಯರ ತಂಡ ಬಂತು. ‘ಹೊಸ ಕಾರ್ಸಿಕನ್ ಬಹುಕಂಠ ಗಾಯನ’ ಎಂಬರ್ಥದ ಫ್ರೆಂಚ್ ಹೆಸರಿನ ತಂಡದಲ್ಲಿ ಮಹಿಳೆಯರೇ ಮುಂದೆ ನಿಂತು 1992ರ ಆಲ್ಬರ್‌ವಿಲ್ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಹಾಡಿದರು. ಷಡ್ಜವನ್ನು ನಿಮ್ಮ ಗಂಟಲಿಗೆ ಹೊಂದುವಷ್ಟು ಮೇಲಕ್ಕೆ ತೆಗೆದುಕೊಳ್ಳಿ, ಉಳಿದದ್ದೆಲ್ಲ ಒಂದೇ.

ಈಗ, ಹಳೆಯದನ್ನು ಕಲಿತವರು ಹೊಸದನ್ನು ಕಟ್ಟುವುದು ಹೇಗೆ? ಇದಕ್ಕೆ ಪಾಠ ಬೇಕಾದರೆ ಕಾರ್ಸಿಕಾದ ತಂಡಗಳ ನಡೆಯನ್ನೇ ನೋಡಬೇಕು. 1970ರ ದಶಕದಲ್ಲಿ ಅಲ್ಲಿ ರಿಯಾಕ್ವಿಸ್ತು, ಅಂದರೆ ಮರಳಿ ಗಳಿಸುವುದು ಎಂಬ ಹೆಸರಿನ ಭಾಷಾ ಸಾಂಸ್ಕೃತಿಕ ಚಳವಳಿ ಎದ್ದಿತು. 1973ರಲ್ಲಿ ಹುಟ್ಟಿದ ‘ಕಾಂತಾ ಉ ಪೋಪುಲು ಕೋರ್ಸು’ ತಂಡ ಹಳ್ಳಿಯ ಹಿರಿಯರನ್ನು ಹುಡುಕಿಕೊಂಡು ಹೋಗಿ ಕಲಿತದ್ದನ್ನು ಗಿಟಾರಿನ ರಾಜಕೀಯ ಹಾಡುಗಳ ಪಕ್ಕದಲ್ಲೇ ಅದೇ ವೇದಿಕೆಯ ಮೇಲೆ ಹಾಡಿತು, ಊರೂರುಗಳಲ್ಲಿ ಸಂಜೆಯ ಹಾಡುಶಾಲೆಗಳನ್ನೂ ನಡೆಸಿತು. ಅಲ್ಲಿ ಪುಸ್ತಕವಿರಲಿಲ್ಲ, ಬಲ್ಲವನ ಪಕ್ಕ ನಿಂತು ಹಾಡುವುದೇ ಪಾಠ.

ನನ್ನ ಮೆಚ್ಚಿನ ಉದಾಹರಣೆ 1978ರಲ್ಲಿ ದ್ವೀಪದ ವಾಯವ್ಯದ ಬಲಾನ್ಯ ಸೀಮೆಯಲ್ಲಿ ಆರಂಭವಾದ ‘ಆ ಫಿಲೆಟ್ಟಾ’ ಎಂಬ ತಂಡ. ಫಿಲೆಟ್ಟಾ ಎಂದರೆ ಜರಿಗಿಡ. ಊರು ಬಿಟ್ಟು ಹೋಗಿ ಹುಟ್ಟಿದ ನೆಲವನ್ನು ಮರೆತವನನ್ನು ಕಾರ್ಸಿಕನ್ನರು ‘ಜರಿಗಿಡವನ್ನು ಮರೆತವನು’ ಎನ್ನುತ್ತಾರೆ. ಹುಡುಗನಾಗಿ ತಂಡ ಸೇರಿದ ಜಾನ್-ಕ್ಲೋದ್ ಅಕ್ವಾವಿವಾ ಮುಂದೆ ಅದರ ಮುಖ್ಯ ರಚನಕಾರನಾದ. ಆರಂಭದಲ್ಲಿ ವಾದ್ಯಗಳಿದ್ದ ತಂಡ ಕ್ರಮೇಣ ಬರಿಯ ಕಂಠಗಳಿಗೆ ಬಂದಿತು. ‘ಆಧುನಿಕ’ವಾಗುವುದೆಂದರೆ ಕೀಬೋರ್ಡ್ ಮತ್ತು ಡ್ರಮ್ ಸೇರಿಸುವುದು ಎಂದು ತಿಳಿದವರು ಇದನ್ನು ಗಮನಿಸಬೇಕು. ಅವರು ಹೊಸದು ಮಾಡಿದ್ದು ಒಳಗಡೆ. ಮೂರು ಕಂಠಗಳ ಹಾಡಿನಿಂದ ಆರೇಳು ಕಂಠಗಳ ಹಾಡಿಗೆ ಹೋದರು, ಹಳ್ಳಿಯ ಧಾಟಿಯಲ್ಲಿ ಇಲ್ಲದ ಕರ್ಕಶ ಜೋಡಣೆಗಳನ್ನು ತಂದರು, ಚಲನಚಿತ್ರಕ್ಕೂ ನೃತ್ಯಕ್ಕೂ ಹಾಡಿದರು. ನೇಪಾಳದ ದೋಲ್ಪೊ ಪ್ರದೇಶದಲ್ಲಿ ಚಿತ್ರಿಸಿದ 1999ರ ‘ಹಿಮಾಲಯ’ ಚಿತ್ರಕ್ಕೆ ಬ್ರೂನೊ ಕುಲೇ ಮಾಡಿದ ಸಂಗೀತದಲ್ಲಿ ಕೇಳುವುದು ಇವರ ಕಂಠಗಳೇ. ಸಾರ್ಡಿನಿಯಾದ ತುತ್ತೂರಿವಾದಕ ಪಾವೊಲೊ ಫ್ರೆಸು ಜೊತೆಗೆ ಮಾಡಿದ ಧ್ವನಿಮುದ್ರಿಕೆ 2011ರಲ್ಲಿ ಬಂತು. ಅದನ್ನು ಕೇಳುವಾಗ ತುತ್ತೂರಿ ಕಂಠಗಳ ಮೇಲೆ ಏರಿ ಕೂರದೆ ಇನ್ನೊಬ್ಬ ತೇರ್ಸನ ಹಾಗೆ ಕಾದು ಬರುವುದನ್ನು ಗಮನಿಸಿ.

ಇದರಿಂದ ಹೊಸ ತಂಡಗಳಿಗೆ ನಾನು ಹೇಳುವ ಕ್ರಮ ಇಷ್ಟು. ಮೊದಲು ಒಂದು ವೆರ್ಸುವನ್ನು ಬದಲಾಯಿಸದೆ ಹಾಡಿ, ಕಣ್ಣುಮುಚ್ಚಿ ಹಾಡುವಷ್ಟಾಗಲಿ. ಆಮೇಲೆ ಒಂದೇ ಅಂಶವನ್ನು ಬದಲಾಯಿಸಿ: ಸಾಹಿತ್ಯ ಹೊಸದಾದರೆ ಧಾಟಿ ಹಳೆಯದಿರಲಿ, ಧಾಟಿ ಹೊಸದಾದರೆ ಪ್ರವೇಶದ ಕ್ರಮ ಹಳೆಯದಿರಲಿ. ಕಂಠ ಹೆಚ್ಚಿಸುವುದಾದರೆ ಕುದುರೆಲಾಳದ ಆಕಾರ ಕೆಡದಂತೆ ಹೆಚ್ಚಿಸಿ. ಒಬ್ಬರ ಬಾಯಿ ಇನ್ನೊಬ್ಬರಿಗೆ ಕಾಣದಷ್ಟು ಜನ ಸೇರಿದರೆ ನಿರ್ದೇಶಕ ಬೇಕಾಗುತ್ತದೆ, ಆಗ ಅದು ಒಳ್ಳೆಯ ಕಾಯರ್ ಆದೀತು, ಇದು ಆಗದು. ಮೈಕ್ ಬೇಕಾದರೆ ತಲೆಗೊಂದು ಕೊಡದೆ ನಡುವೆ ಒಂದೆರಡನ್ನು ನಿಲ್ಲಿಸಲು ಹೇಳಿ, ಏಕೆಂದರೆ ಬೇರೆಬೇರೆ ಮೈಕಿನ ದನಿಗಳನ್ನು ಬೆರೆಸುವವನು ಮಿಕ್ಸರ್ ಮುಂದೆ ಕೂತವನಾಗುತ್ತಾನೆ, ಬೆರೆಸಬೇಕಾದವರು ನೀವು.

ಪುನರುಜ್ಜೀವನದ ಒಂದು ನಷ್ಟವನ್ನೂ ಬಚ್ಚಿಡಬಾರದು. ಹೆಸರಾಂತ ತಂಡವೊಂದು ಮುದ್ರಿಸಿದ ವೆರ್ಸು ದ್ವೀಪದ ತುಂಬ ಹರಡಿ, ಪಕ್ಕದ ಊರಿನ ಹುಡುಗರೂ ತಮ್ಮ ಅಜ್ಜಂದಿರ ಧಾಟಿ ಬಿಟ್ಟು ಅದನ್ನೇ ಹಾಡುವಂತಾಗುತ್ತದೆ. ಧ್ವನಿಮುದ್ರಣದಿಂದ ಕಲಿಯುವ ನಾವೂ ಈ ತಪ್ಪಿನಲ್ಲಿ ಪಾಲುದಾರರೇ. ಆದ್ದರಿಂದ ಹಾಡುವ ಮುನ್ನ ಇದು ಯಾವ ಊರಿನದೆಂದು ಹೆಸರು ಹೇಳಿ ಹಾಡುವುದು ಕನಿಷ್ಠ ಮರ್ಯಾದೆ.

ಅಲ್ಲಿಗೇ ಹೋಗಿ ಕೇಳುವ ಅವಕಾಶವಿರುವವರು, ಅದರಲ್ಲೂ ಯೂರೋಪಿನಲ್ಲಿ ನೆಲೆಸಿದ ಕನ್ನಡಿಗರು, ಸೆಪ್ಟೆಂಬರ್ ತಿಂಗಳನ್ನು ಆರಿಸಿಕೊಳ್ಳಲಿ. ಕಾಲ್ವಿಯ ಕೋಟೆಯೊಳಗೆ 1989ರಲ್ಲಿ ಆರಂಭವಾದ ಬಹುಕಂಠ ಗಾಯನ ಸಮ್ಮೇಳನ ಆಗಲೇ ನಡೆಯುವುದು. ‘ಆ ಫಿಲೆಟ್ಟಾ’ ತಂಡ ಬೇರೆ ದೇಶಗಳ ಹಾಡುಗಾರರನ್ನೂ ಅಲ್ಲಿಗೆ ಕರೆಸುತ್ತದೆ. ಹತ್ತಿರದ ಪಿನ್ಯಾ ಎಂಬ ಪುಟ್ಟ ಊರಿನಲ್ಲಿ ಮಣ್ಣಿನ ಗೋಡೆಯ ಸಭಾಂಗಣವುಳ್ಳ ಸಂಗೀತ ಕೇಂದ್ರವಿದೆ. ಹಳೆಯ ಮುದ್ರಣಗಳಿಗಾಗಿ ದ್ವೀಪದ ನಡುವಿನ ಕೋರ್ತೆ ಪಟ್ಟಣದ ವಸ್ತುಸಂಗ್ರಹಾಲಯದ ಧ್ವನಿಭಂಡಾರಕ್ಕೆ ಹೋಗಬೇಕು.

ಆದರೆ ಟಿಕೆಟ್ ಇಲ್ಲದ ಹಾಡು ಕೇಳಬೇಕಾದರೆ ಸೆಪ್ಟೆಂಬರ್ 8ರಂದು ನಿಯೋಲು ಕಣಿವೆಯ ಕಸಮಚ್ಚೋಲಿಯಲ್ಲಿ ಮಾತೆ ಮರಿಯಳ ಜಾತ್ರೆಗೆ ಹೋಗಿ. ಬೆಳಿಗ್ಗೆ ಮೂರ್ತಿಯನ್ನು ಹೊತ್ತ ಮೆರವಣಿಗೆ ಬಯಲಿನಲ್ಲಿ ಬಸವನಹುಳುವಿನ ಚಿಪ್ಪಿನಂತೆ ಒಳಕ್ಕೆ ಸುತ್ತಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಜಾತ್ರೆಯ ಅಂಗಡಿಗಳ ನಡುವೆ ಇಬ್ಬರು ಆಶುಕವಿಗಳು ಹಾಡಿನಲ್ಲೇ ಸವಾಲು ಜವಾಬು ಮಾಡುತ್ತಾರೆ. ಪಾನದ ಕಟ್ಟೆಯ ಬಳಿ ಮೂವರು ತಲೆಗೆ ತಲೆ ತಾಗಿಸಿ ನಿಂತರೆಂದರೆ ಪದ್ಯೆಲ್ಲ ಆರಂಭವಾಯಿತೆಂದೇ ಅರ್ಥ. ಹತ್ತಿರ ನಿಲ್ಲಬಹುದು, ಚಪ್ಪಾಳೆಗೆ ಆತುರಪಡಬಾರದು, ಫೋನನ್ನು ಅವರ ನಡುವೆ ಚಾಚಬಾರದು. ನಿಮಗೆ ಆ ವೆರ್ಸು ಗೊತ್ತಿದ್ದರೂ ಸೆಕೊಂದಕ್ಕಾಗಲಿ ತೇರ್ಸಕ್ಕಾಗಲಿ ದನಿ ಸೇರಿಸುವಂತಿಲ್ಲ, ಆ ಎರಡು ಜಾಗಗಳಲ್ಲಿ ಒಬ್ಬೊಬ್ಬರೇ. ಬಾಸ್ಸುವಿಗೆ ಮಾತ್ರ ಇಬ್ಬರು ಮೂವರು ನಿಲ್ಲಬಹುದು. ಅವರಲ್ಲೊಬ್ಬ ಭುಜ ಸರಿಸಿ ಜಾಗ ಬಿಟ್ಟುಕೊಟ್ಟರೆ ಹೋಗಿ ನಿಲ್ಲಿ, ಮೊದಲ ನುಡಿ ಮುಗಿಯುವವರೆಗೆ ಬಾಯಿ ತೆರೆಯಬೇಡಿ.